ದಾಖಲಾತಿ ಕೌಂಟರಿನಲ್ಲಿ ಕೇಳಬಾರದ ಒಂದು ಪ್ರಶ್ನೆ

ಎಸ್ ಅಕ್ಷರದಿಂದ ಶುರುವಾಗುವ ಒಂದು ನಂಬರಿನಿಂದ ನನ್ನ ಮಾತನ್ನು ಆರಂಭಿಸುತ್ತೇನೆ. ನೀವೆಲ್ಲ ಮೇಷ್ಟ್ರುಗಳು, ಟೀಚರುಗಳು. ನಾನು ಪಾಠ ಮಾಡಿದವಳಲ್ಲ. ಅಮೆರಿಕದ ಟೆಕ್ಸಾಸ್ ರಾಜ್ಯದಲ್ಲಿ, ಡಲ್ಲಾಸ್ ನಗರದ ಅಂಚಿನ ಒಂದು ಸರ್ಕಾರಿ ಪ್ರಾಥಮಿಕ ಶಾಲೆಯ ಆಫೀಸಿನಲ್ಲಿ 14 ವರ್ಷ ದಾಖಲಾತಿ ಗುಮಾಸ್ತೆಯಾಗಿ ಕೂತವಳು. ಇಲ್ಲಿ ಈ ಕೆಲಸವನ್ನು ಹೆಡ್‌ಮಾಸ್ಟರೇ ಮಾಡುತ್ತಾರೆ, ಬಿಸಿಯೂಟದ ಲೆಕ್ಕ ಬರೆಯುತ್ತಾ, ಮಕ್ಕಳ ದಾಖಲೆಯ ಎಸ್‌ಎಟಿಎಸ್ ತಂತ್ರಾಂಶಕ್ಕೆ ಹೆಸರು ಏರಿಸುತ್ತಾ, ಸಮಯ ಉಳಿದರೆ ಪಾಠವನ್ನೂ ಮಾಡುತ್ತಾ. ಅಲ್ಲಿ ಅದಕ್ಕೆಂದೇ ಒಬ್ಬರನ್ನು ಕೂರಿಸುತ್ತಾರೆ.

ಟೆಕ್ಸಾಸಿನಲ್ಲಿ ಶಾಲೆ ಆಗಸ್ಟಿನಲ್ಲಿ ತೆರೆಯುತ್ತದೆ. ಅಂಥ ಒಂದು ಆಗಸ್ಟಿನ ಬೆಳಿಗ್ಗೆ ಸಾಲಿನ ಮುಂದೆ ನಿಂತಿದ್ದವರು ನಮ್ಮವರೇ. ಬೆಂಗಳೂರಿನಿಂದ ಬಂದು ಮೂರು ವಾರ ಆಗಿತ್ತು. ಸಾಫ್ಟ್‌ವೇರ್ ಕೆಲಸ, ಎಚ್-1ಬಿ ವೀಸಾ. ಗಂಡನ ಕೈಯಲ್ಲಿ ದಪ್ಪದೊಂದು ಫೈಲು, ಅದರಲ್ಲಿ ಒಂದೊಂದು ಕಾಗದಕ್ಕೂ ಒಂದೊಂದು ಪ್ಲಾಸ್ಟಿಕ್ ಕವರು. ಪಾಸ್‌ಪೋರ್ಟು ತೆಗೆದು ವೀಸಾ ಪುಟವನ್ನೇ ಬಿಡಿಸಿ ಮುಂದಿಟ್ಟರು. ನಾನು ಅದನ್ನು ಮಡಚಿ ವಾಪಸು ತಳ್ಳಿದೆ. 'ಇದು ಬೇಡ, ಮಗುವಿನ ಹೆಸರು ಹೇಗೆ ಹೇಳೋದು ಅಂತ ಹೇಳಿ' ಅಂದೆ. ಅವರು ಮತ್ತೆ ಮುಂದಕ್ಕೆ ತಳ್ಳಿದರು. 'ಇರಲಿ ಮೇಡಂ, ನೋಡಿ. ನಾವು ಲೀಗಲ್ಲು.' ಕನ್ನಡದಲ್ಲೇ ಮೆತ್ತಗೆ ಹೇಳಿದೆ: 'ಸ್ವಾಮಿ, ನೋಡಬಾರದು ಅಂತಲೇ ನನಗೆ ಟ್ರೇನಿಂಗ್ ಕೊಟ್ಟಿದ್ದಾರೆ.'

ಅವರ ಹಿಂದೆ ನಿಂತಿದ್ದ ಹೆಂಗಸಿನ ಕೈಯಲ್ಲಿ ಫೈಲೂ ಇರಲಿಲ್ಲ, ಕವರೂ ಇರಲಿಲ್ಲ. ನಾಲ್ಕಾಗಿ ಮಡಚಿದ, ಮಡಿಕೆಯಲ್ಲಿ ಹರಿದುಹೋಗಿದ್ದ ಒಂದು ಜನನ ಪತ್ರ, ಸ್ಪ್ಯಾನಿಷ್‌ನಲ್ಲಿದ್ದದ್ದು. ಲೈಟ್ ಬಿಲ್ಲು ಯಾರದೋ ಹೆಸರಿನಲ್ಲಿತ್ತು, ಅವರ ಮನೆಯಲ್ಲೇ ತಾನು ಇರುವುದೆಂದು ಬರೆಸಿಕೊಂಡ ಒಂದು ಚೀಟಿ. ಗಂಡನ ಕೆಲಸ ಏನು ಅಂತ ಫಾರಂನಲ್ಲಿ ತುಂಬಿದ್ದಳು: ಮನೆಗಳಿಗೆ ಚಾವಣಿ ಹಾಕುವುದು. ಹೇಗೆ ಬಂದರು, ಯಾವ ಕಾಗದದ ಮೇಲೆ ಬಂದರು, ನನಗೆ ಗೊತ್ತಿಲ್ಲ. ಅವತ್ತೂ ಗೊತ್ತಾಗಲಿಲ್ಲ.

ಈಗ ನಂಬರಿಗೆ ಬರುತ್ತೇನೆ. ಅಲ್ಲಿ ಬಹುತೇಕ ಎಲ್ಲರಿಗೂ ಸೋಶಿಯಲ್ ಸೆಕ್ಯುರಿಟಿ ನಂಬರ್ ಅಂತ ಒಂದಿರುತ್ತದೆ, ಸುಮಾರಾಗಿ ನಮ್ಮ ಆಧಾರ್ ಅಂದುಕೊಳ್ಳಿ. ಅದಿಲ್ಲದ ಮಗುವಿಗೆ ಟೆಕ್ಸಾಸ್ ಶಾಲೆಗಳು ಬೇರೆ ಒಂದು ನಂಬರ್ ಕೊಡುತ್ತವೆ. ಅದು ಎಸ್‌ನಿಂದ ಶುರುವಾಗುತ್ತದೆ. ಕದ್ದು ಗಡಿ ದಾಟಿ ಬಂದವರ ಮಗುವಿಗೆ ಸೋಶಿಯಲ್ ಸೆಕ್ಯುರಿಟಿ ನಂಬರ್ ಇರುವುದಿಲ್ಲ ಅನ್ನುವುದು ನಿಮಗೆ ಗೊತ್ತಿರಬಹುದು. ಆದರೆ ಎಚ್-1ಬಿಯವರ ಮಗುವಿಗೂ ಇರುವುದಿಲ್ಲ. ಆ ಮಗು ಎಚ್-4 ಅನ್ನುವ ಅವಲಂಬಿತರ ವೀಸಾದ ಮೇಲೆ ಬಂದಿರುತ್ತದೆ, ಅದಕ್ಕೆ ಆ ನಂಬರ್ ಸಿಗುವುದಿಲ್ಲ. ಹೀಗಾಗಿ ಅವತ್ತು ಬೆಂಗಳೂರಿನ ಎಂಜಿನಿಯರ ಮಗನಿಗೂ ಚಾವಣಿ ಕೆಲಸದವನ ಮಗಳಿಗೂ ನಾನು ಕೊಟ್ಟದ್ದು ಎಸ್ ನಂಬರನ್ನೇ. ಪಟ್ಟಿ ನೋಡಿದರೆ ಯಾರು ಯಾವ ದಾರಿಯಲ್ಲಿ ಬಂದವರು ಅಂತ ನನಗೇ ತಿಳಿಯುವುದಿಲ್ಲ. ತಿಳಿಯಬಾರದು ಅಂತಲೇ ಹಾಗೆ ಮಾಡಿದ್ದು.

ಯಾಕೆ ತಿಳಿಯಬಾರದು ಅನ್ನುವುದೇ ಇವತ್ತಿನ ವಿಷಯ.

ಡಲ್ಲಾಸಿನಿಂದ ಪೂರ್ವಕ್ಕೆ ಕಾರಿನಲ್ಲಿ ಒಂದೂವರೆ, ಎರಡು ಗಂಟೆ ಹೋದರೆ ಟೈಲರ್ ಅಂತ ಒಂದು ಊರು ಸಿಗುತ್ತದೆ. ಗುಲಾಬಿಗೆ ಹೆಸರುವಾಸಿ. ನಮ್ಮಲ್ಲಿ ಮೈಸೂರು ಮಲ್ಲಿಗೆ ಅನ್ನುವ ಹಾಗೆ ಅಲ್ಲಿ ಟೈಲರ್ ಗುಲಾಬಿ. ಆ ಗುಲಾಬಿ ತೋಟಗಳಲ್ಲಿ, ಸುತ್ತಮುತ್ತಲ ಕಾರ್ಖಾನೆಗಳಲ್ಲಿ ದುಡಿಯಲು ಮೆಕ್ಸಿಕೊದಿಂದ ಜನ ಬರುತ್ತಿದ್ದರು. ಕಾಗದ ಇದ್ದವರೂ ಬಂದರು, ಇಲ್ಲದವರೂ ಬಂದರು. ಕೆಲಸ ಕೊಡುವವರು ಆಗ ಕಾಗದ ಕೇಳುತ್ತಲೂ ಇರಲಿಲ್ಲ.

1975ರಲ್ಲಿ ಟೆಕ್ಸಾಸ್ ಶಾಸನಸಭೆ ಶಿಕ್ಷಣ ಕಾನೂನಿಗೆ ಒಂದು ತಿದ್ದುಪಡಿ ತಂದಿತು. ಕಾನೂನುಬದ್ಧವಾಗಿ ದೇಶದೊಳಗೆ ಬರದ ಮಗುವಿನ ಲೆಕ್ಕಕ್ಕೆ ರಾಜ್ಯ ದುಡ್ಡು ಕೊಡುವುದಿಲ್ಲ, ಅಂಥ ಮಗುವನ್ನು ಸೇರಿಸಿಕೊಳ್ಳುವುದಿಲ್ಲ ಅನ್ನುವ ಅಧಿಕಾರ ಶಾಲಾ ಜಿಲ್ಲೆಗಳಿಗೆ ಇರುತ್ತದೆ, ಅಂತ. ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು. ನಿಮಗೆ ಸಂಬಳ ಬರುವುದು ಬೆಂಗಳೂರಿನಿಂದ. ಅಲ್ಲಿ ಹಾಗಲ್ಲ. ಒಂದೊಂದು ಊರಿಗೂ ಒಂದೊಂದು ಶಾಲಾ ಜಿಲ್ಲೆ, ಅದಕ್ಕೆ ಚುನಾಯಿತ ಮಂಡಳಿ, ಮನೆ ಜಮೀನುಗಳ ಮೇಲೆ ತೆರಿಗೆ ಹಾಕುವ ಅಧಿಕಾರ. ಅದರ ಮೇಲೆ ರಾಜ್ಯ ಸರ್ಕಾರ ಮಕ್ಕಳ ಹಾಜರಿಯ ಸರಾಸರಿ ನೋಡಿ ದುಡ್ಡು ಸೇರಿಸುತ್ತದೆ. ಮಗು ಬಂದು ಬೆಂಚಿನ ಮೇಲೆ ಕೂತರೆ ದುಡ್ಡು, ಬಾರದಿದ್ದರೆ ಇಲ್ಲ. ಆ ಲೆಕ್ಕದಿಂದ ಕೆಲವು ಮಕ್ಕಳನ್ನು ತೆಗೆದುಬಿಟ್ಟರೆ ಶಾಲೆಯವರಿಗೆ ಆ ಮಕ್ಕಳು ಬರೀ ಖರ್ಚಾಗಿ ಕಾಣತೊಡಗುತ್ತಾರೆ. ಮೇಲಿನವರು 'ಬಿಡು' ಅನ್ನದೆಯೇ ಕೆಳಗಿನವರ ಕೈಯಿಂದ ಬಿಡಿಸುವ ಉಪಾಯ ಇದು.

ಟೈಲರ್ ಶಾಲಾ ಜಿಲ್ಲೆ ಎರಡು ವರ್ಷ ಸುಮ್ಮನಿತ್ತು. 1977ರ ಜುಲೈನಲ್ಲಿ ಅದರ ಮಂಡಳಿ, ಕಾಗದ ಇಲ್ಲದ ಮಕ್ಕಳು ವರ್ಷಕ್ಕೆ 1000 ಡಾಲರ್ ಫೀಸು ಕಟ್ಟಬೇಕು ಅಂತ ತೀರ್ಮಾನಿಸಿತು. ಅದೂ ಪುಕ್ಕಟೆ ಶಾಲೆಗೆ! ನಾಲ್ಕೈದು ಮಕ್ಕಳ ತೋಟದ ಕೂಲಿಯವನು ಅಷ್ಟು ಕಟ್ಟಲಾರ ಅನ್ನುವುದು ಮಂಡಳಿಯವರಿಗೆ ಗೊತ್ತಿರಲಿಲ್ಲ ಅಂತ ನಾನಂತೂ ನಂಬುವುದಿಲ್ಲ.

ನಾಲ್ಕು ಕುಟುಂಬದವರು, ಒಟ್ಟು 16 ಮಕ್ಕಳ ಪರವಾಗಿ ಕೋರ್ಟಿಗೆ ಹೋದರು. ಮಾಲ್ಡೆಫ್ ಅನ್ನುವ ಮೆಕ್ಸಿಕನ್ ಅಮೆರಿಕನ್ನರ ಕಾನೂನು ನೆರವಿನ ಸಂಸ್ಥೆಯ ವಕೀಲ ಪೀಟರ್ ರೂಸ್ ಅವರ ಪರ ನಿಂತರು. ಕೋರ್ಟಿಗೆ ಹೋಗುವುದು ಎಂದರೆ ಏನು ಅಂತ ಯೋಚಿಸಿ. 'ನಾನು ಕಾಗದ ಇಲ್ಲದೆ ಈ ದೇಶದಲ್ಲಿದ್ದೇನೆ' ಅಂತ ಸರ್ಕಾರದ ಮುಂದೆ ತಾವಾಗಿಯೇ ಹೋಗಿ ಹೇಳುವುದು. ಅವರಿಗೆ ಕೋರ್ಟು 'ಡೋ' ಅನ್ನುವ ಹೆಸರು ಕೊಟ್ಟಿತು. ಹೆಸರು ಹೊರಗೆ ಬರಬಾರದವರಿಗೆ ಅಲ್ಲಿ ಕೊಡುವ ಹೆಸರು ಅದು. ಎದುರು ಪಕ್ಷದಲ್ಲಿ ಶಾಲಾ ಜಿಲ್ಲೆಯ ಮುಖ್ಯಾಧಿಕಾರಿ ಜೇಮ್ಸ್ ಪ್ಲೈಲರ್. ಹೀಗೆ ಆ ಮೊಕದ್ದಮೆಗೆ ಪ್ಲೈಲರ್ ವಿರುದ್ಧ ಡೋ ಅಂತಲೇ ಹೆಸರಾಯಿತು.

ವಿಚಾರಣೆ ನಡೆಸಿದ ನ್ಯಾಯಾಧೀಶರ ಹೆಸರು ವಿಲಿಯಂ ವೇಯ್ನ್ ಜಸ್ಟಿಸ್. ಜಸ್ಟಿಸ್ ಅನ್ನುವುದು ಪದವಿಯಲ್ಲ, ಮನೆತನದ ಹೆಸರು. ಕತೆಯಲ್ಲಿ ಹೀಗೆ ಹೆಸರಿಟ್ಟರೆ ಅತಿಯಾಯಿತು ಅನ್ನುತ್ತಿದ್ದಿರಿ. ಅವರು ವಿಚಾರಣೆಯನ್ನು ಬೆಳಿಗ್ಗೆ ಆರು ಗಂಟೆಗೆ ಇಟ್ಟರು, ಈ ಕುಟುಂಬಗಳು ಊರವರ ಕಣ್ಣಿಗೆ ಬೀಳುವುದು ಬೇಡ ಅಂತ. ಕತ್ತಲಿರುವಾಗಲೇ ಅವರು ಬಂದರು. ಕಾರುಗಳಲ್ಲಿ ಮನೆಯ ಸಾಮಾನನ್ನೆಲ್ಲ ತುಂಬಿಕೊಂಡು ಬಂದಿದ್ದರು. ಕೋರ್ಟಿನ ಬಾಗಿಲಿನಿಂದಲೇ ಗಡಿಯಾಚೆಗೆ ಕಳಿಸಿಬಿಟ್ಟರೆ ಪಾತ್ರೆ ಪಗಡ ಆದರೂ ಜೊತೆಗಿರಲಿ ಅಂತ. ನನಗೆ ಆ ಮೊಕದ್ದಮೆಯಲ್ಲಿ ಎಲ್ಲಕ್ಕಿಂತ ಹೆಚ್ಚು ನೆನಪಿರುವುದು ಆ ತುಂಬಿದ ಕಾರುಗಳು. ಮಗುವನ್ನು ಮೂರನೇ ಕ್ಲಾಸಿಗೆ ಸೇರಿಸಲು ಮನೆಯನ್ನೇ ಕಟ್ಟಿಕೊಂಡು ಹೊರಟ ತಂದೆತಾಯಿಯರು ಅವರು. ಆ ಸೆಪ್ಟೆಂಬರಿನಲ್ಲೇ ಜಸ್ಟಿಸ್ ತಡೆಯಾಜ್ಞೆ ಕೊಟ್ಟರು, ಮಕ್ಕಳು ಶಾಲೆಗೆ ಮರಳಿದರು. 1978ರಲ್ಲಿ ಪೂರ್ಣ ತೀರ್ಪೂ ಅವರ ಪರವಾಯಿತು. ಟೆಕ್ಸಾಸ್ ಮೇಲ್ಮನವಿ ಹೋಯಿತು. ಹೋಗುತ್ತಾ ಹೋಗುತ್ತಾ ಅಮೆರಿಕದ ಸುಪ್ರೀಂ ಕೋರ್ಟಿನಲ್ಲಿ ತೀರ್ಪು ಬಂದಾಗ 1982ರ ಜೂನ್ 15.

ಅಲ್ಲಿ ನಡೆದ ಚರ್ಚೆಯೆಲ್ಲ ಒಂದು ಪದದ ಸುತ್ತ ಸುತ್ತಿತು. 1868ರಲ್ಲಿ, ಗುಲಾಮಗಿರಿ ಮುಗಿದ ಮೇಲೆ, ಅವರ ಸಂವಿಧಾನಕ್ಕೆ 14ನೇ ತಿದ್ದುಪಡಿ ಬಂತು. ಅದರಲ್ಲಿ ಒಂದು ಕಡೆ 'ನಾಗರಿಕ' ಅನ್ನುವ ಮಾತು ಬರುತ್ತದೆ. ಆದರೆ ಕಾನೂನಿನ ಸಮಾನ ರಕ್ಷಣೆಯ ವಿಷಯಕ್ಕೆ ಬಂದಾಗ 'ತನ್ನ ವ್ಯಾಪ್ತಿಯಲ್ಲಿರುವ ಯಾವುದೇ ವ್ಯಕ್ತಿ' ಅಂತ ಇದೆ. ಟೆಕ್ಸಾಸ್ ಹೇಳಿತು: ಕದ್ದು ಬಂದವರು ನಮ್ಮ ವ್ಯಾಪ್ತಿಯಲ್ಲಿ ಇರುವವರಲ್ಲ. ಬಹುಮತದ ತೀರ್ಪು ಬರೆದ ವಿಲಿಯಂ ಬ್ರೆನನ್ ಇದನ್ನು ಒಪ್ಪಲಿಲ್ಲ. ಅವರ ವಾದವನ್ನು ನಮ್ಮ ಮಾತಿನಲ್ಲಿ ಹೇಳುವುದಾದರೆ: ಆ ಮನುಷ್ಯನನ್ನು ನಿಮ್ಮ ಪೊಲೀಸರು ಹಿಡಿಯಬಹುದು, ನಿಮ್ಮ ಕೋರ್ಟು ದಂಡ ಹಾಕಬಹುದು. ಶಿಕ್ಷಿಸಲು ಅವನು ನಿಮ್ಮ ವ್ಯಾಪ್ತಿಯೊಳಗೆ, ರಕ್ಷಿಸಲು ಮಾತ್ರ ಹೊರಗೆ ಅನ್ನುವುದು ಹೇಗೆ?

ಇಷ್ಟಕ್ಕೇ ಮುಗಿಯಲಿಲ್ಲ. ಅಮೆರಿಕದ ಸಂವಿಧಾನದಲ್ಲಿ ಶಿಕ್ಷಣ ಮೂಲಭೂತ ಹಕ್ಕಲ್ಲ. ನಿಮ್ಮಲ್ಲಿ ಕೆಲವರು ತಲೆಯೆತ್ತಿ ನೋಡಿದಿರಿ! ಹೌದು, ಅಷ್ಟು ದೊಡ್ಡ ದೇಶದಲ್ಲಿ ಇಲ್ಲ. 1973ರಲ್ಲಿ ಸುಪ್ರೀಂ ಕೋರ್ಟೇ ಹಾಗೆ ಹೇಳಿತ್ತು, ಅದೂ ಟೆಕ್ಸಾಸಿನದೇ ಇನ್ನೊಂದು ಮೊಕದ್ದಮೆಯಲ್ಲಿ. ಆ ತೀರ್ಪು ಬರೆದವರು ಲೂಯಿಸ್ ಪವೆಲ್. ಈಗ 1982ರಲ್ಲಿ ಒಂಬತ್ತು ಜನರಲ್ಲಿ ಮಕ್ಕಳ ಪರ ಐದು, ವಿರುದ್ಧ ನಾಲ್ಕು. ಆ ಐವರಲ್ಲಿ ಒಬ್ಬರು ಇದೇ ಪವೆಲ್. ಜಡ್ಜಾಗುವ ಮೊದಲು ರಿಚ್ಮಂಡ್ ಊರಿನ ಶಾಲಾ ಮಂಡಳಿಯ ಅಧ್ಯಕ್ಷರಾಗಿದ್ದ ಮನುಷ್ಯ. ಅವರ ಮತ ಉಳಿಸಿಕೊಳ್ಳಬೇಕಾದ್ದರಿಂದ ಬ್ರೆನನ್ ಹಗ್ಗದ ಮೇಲಿನ ನಡಿಗೆ ನಡೆದರು. ಶಿಕ್ಷಣ ಮೂಲಭೂತ ಹಕ್ಕಲ್ಲ, ಸರಿ. ಆದರೆ ಅದು ಸರ್ಕಾರ ಕೊಡುವ ಹತ್ತು ಸೌಲಭ್ಯಗಳಲ್ಲಿ ಹನ್ನೊಂದನೆಯದೂ ಅಲ್ಲ. ಮಕ್ಕಳು ತಮ್ಮ ಸ್ಥಿತಿಗೆ ತಾವು ಹೊಣೆಯಲ್ಲ. ಅಂಥವರಿಗೆ ಜೀವನವಿಡೀ ಉಳಿಯುವ ಕುಂದು ಹೊರಿಸಬೇಕಾದರೆ ರಾಜ್ಯ ಗಟ್ಟಿ ಕಾರಣ ಕೊಡಬೇಕು.

ಟೆಕ್ಸಾಸ್ ಕೊಟ್ಟ ಕಾರಣಗಳು ಗಟ್ಟಿಯಾಗಿರಲಿಲ್ಲ. ಫೀಸು ಹಾಕಿದರೆ ವಲಸೆ ನಿಲ್ಲುತ್ತದೆ ಅಂದರು. ಜನ ಬರುವುದು ಕೂಲಿಗೆ, ಮಗುವನ್ನು ಪುಕ್ಕಟೆ ಓದಿಸಲು ಯಾರೂ ನದಿ ದಾಟುವುದಿಲ್ಲ ಅಂತ ಕೋರ್ಟು ಹೇಳಿತು. ಈ ಮಕ್ಕಳಿಂದ ಶಿಕ್ಷಣದ ಗುಣಮಟ್ಟ ಕೆಡುತ್ತದೆ ಅಂದರು. ಅದಕ್ಕೆ ಪುರಾವೆ ಇರಲಿಲ್ಲ. ಇವರು ನಾಳೆ ಟೆಕ್ಸಾಸ್ ಬಿಟ್ಟು ಹೋಗುತ್ತಾರೆ, ಇವರಿಗೆ ಯಾಕೆ ಓದಿಸಬೇಕು ಅಂದರು. ಬೇರೆ ಮಕ್ಕಳೂ ಊರು ಬಿಟ್ಟು ಹೋಗುತ್ತಾರಲ್ಲ! ನೀವು ಓದಿಸಿದ ಎಷ್ಟು ಮಕ್ಕಳು ಈ ತಾಲ್ಲೂಕಿನಲ್ಲಿ ಉಳಿದಿದ್ದಾರೆ, ಹೇಳಿ.

ಭಿನ್ನಮತ ಬರೆದವರು ಮುಖ್ಯ ನ್ಯಾಯಮೂರ್ತಿ ವಾರನ್ ಬರ್ಗರ್. ಯಾವ ಮಗುವಿಗೂ ಪ್ರಾಥಮಿಕ ಶಿಕ್ಷಣ ತಪ್ಪಿಸುವುದು ಬುದ್ಧಿಗೇಡಿತನ ಅಂತ ಅವರೂ ಒಪ್ಪುತ್ತಾರೆ. ಆದರೆ ಬುದ್ಧಿಗೇಡಿ ಕಾನೂನನ್ನು ಸರಿಮಾಡಬೇಕಾದ್ದು ಶಾಸನಸಭೆ, ಕೋರ್ಟಲ್ಲ ಅನ್ನುತ್ತಾರೆ. ಇದನ್ನು ಸುಲಭಕ್ಕೆ ತಳ್ಳಿಹಾಕಲಾಗದು. ಇವತ್ತು ಈ ತೀರ್ಪನ್ನು ಅಲುಗಾಡಿಸಲು ಹೊರಟವರ ಕೈಯಲ್ಲಿರುವ ಅಸ್ತ್ರವೂ ಅದೇ.

ನನಗೆ ಈ ತೀರ್ಪಿನಲ್ಲಿ ಒಂದು ಕಸಿವಿಸಿ ಇದೆ, ಹೇಳಿಬಿಡುತ್ತೇನೆ. 'ಪಾಪ, ಮಕ್ಕಳೇನು ತಪ್ಪು ಮಾಡಿದರು' ಅನ್ನುವುದರ ಮೇಲೆ ಅದು ನಿಂತಿದೆ. ಹಾಗಂದಾಗ ತಪ್ಪೆಲ್ಲ ತಂದೆತಾಯಿಯರ ತಲೆಗೆ ಹೋಗುತ್ತದೆ. ಗುಲಾಬಿ ತೋಟಕ್ಕೆ ಅವರನ್ನು ಕರೆಸಿಕೊಂಡವರ ಮೇಲೆ ಯಾವ ತಪ್ಪೂ ಬರಲಿಲ್ಲ. ಇರಲಿ. ಆ ಕನಿಕರದಿಂದಲೇ ಲಕ್ಷಾಂತರ ಮಕ್ಕಳು ಅಕ್ಷರ ಕಲಿತರು. ಜೇಮ್ಸ್ ಪ್ಲೈಲರ್ ಕೂಡ ಎಷ್ಟೋ ವರ್ಷಗಳ ನಂತರ, ಆ ಕೇಸು ಸೋತದ್ದೇ ಒಳ್ಳೆಯದಾಯಿತು, ಆ ಮಕ್ಕಳು ಓದುವ ಹಾಗಾಯಿತು ಅಂತ ಹೇಳಿದ್ದಾರೆ.

ಈಗ ನನ್ನ ಕೌಂಟರಿಗೆ ಬನ್ನಿ. ತೀರ್ಪು ಏನೇ ಹೇಳಲಿ, ಅದು ನಡೆಯುವುದು ಅಲ್ಲಿ, ನಾಲ್ಕಡಿ ಉದ್ದದ ಆ ಮೇಜಿನ ಮೇಲೆ. ನಾನು ಏನು ಕೇಳಬಹುದು? ಮನೆ ನಮ್ಮ ಶಾಲಾ ಜಿಲ್ಲೆಯ ಒಳಗಿದೆಯೇ, ಮಗುವಿನ ವಯಸ್ಸು ಎಷ್ಟು, ಚುಚ್ಚುಮದ್ದು ಆಗಿದೆಯೇ, ಹಿಂದಿನ ಶಾಲೆ ಯಾವುದು. ಕಾಗದ ಇವತ್ತೇ ಇಲ್ಲದಿದ್ದರೆ 30 ದಿನ ಸಮಯ ಇದೆ, ಮಗು ಅಷ್ಟರಲ್ಲಿ ಕ್ಲಾಸಿನಲ್ಲಿ ಕೂತಿರುತ್ತದೆ. ಮಧ್ಯಾಹ್ನದ ಊಟದ ರಿಯಾಯಿತಿ ಫಾರಂನಲ್ಲಿ ದೊಡ್ಡವರೊಬ್ಬರ ಸೋಶಿಯಲ್ ಸೆಕ್ಯುರಿಟಿ ನಂಬರಿನ ಕೊನೆಯ ನಾಲ್ಕು ಅಂಕಿ ಕೇಳುತ್ತಾರೆ. ಪಕ್ಕದಲ್ಲೇ 'ನಂಬರ್ ಇಲ್ಲ' ಅನ್ನುವ ಚೌಕ ಇರುತ್ತದೆ. ಅದಕ್ಕೆ ಗೀಟು ಹಾಕಿದರೆ ಸಾಕು.

'ನೀವು ಹೇಗೆ ಬಂದಿರಿ' ಅನ್ನುವುದನ್ನು ಮಾತ್ರ ಕೇಳಬಾರದು. ಕೇಳಿ ಸೇರಿಸಿಕೊಂಡರೆ ಏನಾಯಿತು ಅನ್ನುತ್ತೀರಾ? ಅಲಬಾಮ ರಾಜ್ಯದವರು 2011ರಲ್ಲಿ ಇದನ್ನೇ ಹೇಳಿ ಕಾನೂನು ಮಾಡಿದರು. ಯಾರನ್ನೂ ಹೊರಗೆ ಹಾಕುವುದಿಲ್ಲ, ಹೊಸದಾಗಿ ಸೇರುವವರ ಸ್ಥಿತಿ ಏನು ಅಂತ ಬರೆದುಕೊಳ್ಳುತ್ತೇವೆ ಅಷ್ಟೇ, ಎಣಿಕೆಗೆ. ಕಾನೂನು ಜಾರಿಯಾದ ವಾರದಲ್ಲೇ ಸ್ಪ್ಯಾನಿಷ್ ಮಾತಾಡುವ ಮನೆಗಳ ಮಕ್ಕಳು ದೊಡ್ಡ ಸಂಖ್ಯೆಯಲ್ಲಿ ಶಾಲೆಗೆ ಬರುವುದನ್ನು ಬಿಟ್ಟರು. ಆ ದೇಶದಲ್ಲೇ ಹುಟ್ಟಿ ನಾಗರಿಕರಾಗಿದ್ದ ಮಕ್ಕಳೂ ಬರಲಿಲ್ಲ, ಯಾಕೆಂದರೆ ಮನೆಯಲ್ಲಿ ಅಮ್ಮನಿಗೆ ಕಾಗದ ಇರಲಿಲ್ಲ. ಕೊನೆಗೆ ಕೋರ್ಟು ಆ ಕಲಮನ್ನು ಹೊಡೆದುಹಾಕಿತು.

ಒಂದು ಸಣ್ಣ ವಿಷಯಾಂತರ, ನಮ್ಮ ಜನಕ್ಕೆ ಬೇಕಾದ್ದು. 'ಅಕ್ಕನ ಮಗನನ್ನು ಸ್ಟೂಡೆಂಟ್ ವೀಸಾ ಮೇಲೆ ಕರೆಸಿಕೊಂಡು ನಮ್ಮ ಮನೆಯಲ್ಲಿಟ್ಟು ಸರ್ಕಾರಿ ಶಾಲೆಗೆ ಕಳಿಸಬಹುದಾ' ಅಂತ ಎಷ್ಟೋ ಜನ ನನ್ನನ್ನು ಕೇಳಿದ್ದಾರೆ. ಆಗುವುದಿಲ್ಲ. 1996ರ ಕಾನೂನಿನ ಪ್ರಕಾರ ಎಫ್-1 ವೀಸಾದವರು ಸರ್ಕಾರಿ ಪ್ರಾಥಮಿಕ ಶಾಲೆಗೆ ಸೇರುವಂತಿಲ್ಲ. ಹೈಸ್ಕೂಲಾದರೆ ಗರಿಷ್ಠ 12 ತಿಂಗಳು, ಅದೂ ಪೂರ್ತಿ ಖರ್ಚು ಕಟ್ಟಿ. ಓದುವುದಕ್ಕೆಂದೇ ವೀಸಾ ತೆಗೆದುಕೊಂಡವನು ದುಡ್ಡು ಕಟ್ಟಬೇಕು, ಅಪ್ಪನ ಹಿಂದೆ ಬಂದವನಿಗೆ ಪುಕ್ಕಟೆ. ತಮಾಷೆಯೇ.

ಒಳಗೆ ಸೇರಿಸಿಕೊಂಡರೆ ಕೆಲಸ ಮುಗಿಯಿತೇ? ಪ್ಲೈಲರ್‌ಗೂ ಮೊದಲೇ, 1974ರಲ್ಲಿ, ಲಾವ್ ವಿರುದ್ಧ ನಿಕೋಲ್ಸ್ ಅಂತ ಒಂದು ತೀರ್ಪು ಬಂದಿತ್ತು. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಇಂಗ್ಲಿಷ್ ಬಾರದ ಚೀನಿ ಮಕ್ಕಳನ್ನು ಇಂಗ್ಲಿಷ್ ಕ್ಲಾಸಿನಲ್ಲಿ ಕೂರಿಸಿ ಕೈಬಿಟ್ಟಿದ್ದರು. ಒಂದೇ ಪುಸ್ತಕ, ಒಂದೇ ಟೀಚರು ಕೊಟ್ಟ ಮಾತ್ರಕ್ಕೆ ಸಮಾನತೆ ಆಗುವುದಿಲ್ಲ, ಹೇಳಿದ್ದು ಅರ್ಥವಾಗದ ಮಗುವಿಗೆ ಅಲ್ಲಿ ಶಿಕ್ಷಣವೇ ಇಲ್ಲ ಅಂತ ಸುಪ್ರೀಂ ಕೋರ್ಟು ಒಮ್ಮತದಿಂದ ಹೇಳಿತು. ಅದಕ್ಕೇ ದಾಖಲಾತಿ ಕಾಗದಗಳ ಜೊತೆ ಇನ್ನೊಂದು ಹಾಳೆ ಇರುತ್ತದೆ: ಮನೆಯಲ್ಲಿ ಯಾವ ಭಾಷೆ ಮಾತಾಡುತ್ತೀರಿ, ಮಗು ಯಾವ ಭಾಷೆ ಮಾತಾಡುತ್ತದೆ. ಇಂಗ್ಲಿಷಲ್ಲದ ಭಾಷೆ ಬರೆದರೆ ಮಗುವಿಗೆ ಒಂದು ಪರೀಕ್ಷೆ, ಅಗತ್ಯ ಕಂಡರೆ ಇಎಸ್‌ಎಲ್, ಅಂದರೆ ಇಂಗ್ಲಿಷನ್ನು ಎರಡನೇ ಭಾಷೆಯಾಗಿ ಕಲಿಸುವ ನೆರವು.

ಈ ಹಾಳೆಯ ಮುಂದೆ ನಮ್ಮವರು ಮಾಡುವುದನ್ನು ನೋಡಬೇಕು. ಚೀಲದಲ್ಲಿ ಚಕ್ಕುಲಿ ಡಬ್ಬಿ, ಬಾಯಲ್ಲಿ ಅಚ್ಚ ತುಮಕೂರು ಕನ್ನಡ, ಮಗ 'ಅಪ್ಪಾ, ಸುಸ್ಸು' ಅಂತ ಕೈ ಜಗ್ಗುತ್ತಿದ್ದಾನೆ. ಅಪ್ಪ ಬರೆದದ್ದು 'ಇಂಗ್ಲಿಷ್'. ಆಮೇಲೆ ನನ್ನ ಕಡೆ ಬಗ್ಗಿ, 'ಕನ್ನಡ ಅಂತ ಬರೆದರೆ ದಡ್ಡರ ಕ್ಲಾಸಿಗೆ ಹಾಕ್ತಾರಂತೆ, ಹೌದಾ ಮೇಡಂ?' ಅದು ದಡ್ಡರ ಕ್ಲಾಸಲ್ಲ, ನಿಮ್ಮ ಮಗನ ಹಕ್ಕು, ಚೀನಿ ಮಕ್ಕಳು ಹೋರಾಡಿ ಗೆದ್ದುಕೊಟ್ಟದ್ದು, ಬೇಡವಾದರೆ ಆಮೇಲೆ ಬೇಡ ಅನ್ನಬಹುದು ಅಂತ ವಿವರಿಸಿದೆ. ಅರ್ಧ ನಿಮಿಷ ಪೆನ್ನು ಹಿಡಿದು ನಿಂತಿದ್ದರು. ತಿದ್ದಲಿಲ್ಲ. ಆ ಹುಡುಗ ಎರಡು ತಿಂಗಳು ಕ್ಲಾಸಿನಲ್ಲಿ ತುಟಿ ಬಿಚ್ಚಲಿಲ್ಲ ಅಂತ ಅವನ ಟೀಚರು ಬಂದು ನನಗೆ ಹೇಳಿದರು.

ಈ ಹಕ್ಕಿಗೆ ಒಂದು ಗಡುವೂ ಇದೆ. ಹನ್ನೆರಡನೇ ಕ್ಲಾಸಿಗೆ ಮುಗಿಯುತ್ತದೆ. ಕಾಲೇಜಿಗೆ ಪ್ಲೈಲರ್ ಇಲ್ಲ. ಟೆಕ್ಸಾಸ್ 2001ರಲ್ಲಿ, ತನ್ನ ಶಾಲೆಗಳಲ್ಲಿ ಓದಿದ ಮಕ್ಕಳಿಗೆ ಕಾಗದ ಇಲ್ಲದಿದ್ದರೂ ಸ್ಥಳೀಯರ ಫೀಸಿನಲ್ಲೇ ಕಾಲೇಜು ಅಂತ ಕಾನೂನು ಮಾಡಿತು, ದೇಶದಲ್ಲೇ ಮೊದಲಿಗೆ. 2025ರ ಜೂನ್‌ನಲ್ಲಿ ಅದೂ ಹೋಯಿತು. ನಮ್ಮ ಎಚ್-4 ಮಕ್ಕಳ ಕತೆಯೂ ಸುಖದ್ದಲ್ಲ. ಅಪ್ಪನ ಗ್ರೀನ್ ಕಾರ್ಡ್ ಸರದಿ ಬರುವುದರೊಳಗೆ ಮಗುವಿಗೆ 21 ತುಂಬಿದರೆ ಆ ವೀಸಾ ಮುಗಿಯಿತು. ಫೈಲಿನಲ್ಲಿ ಎಷ್ಟು ಪ್ಲಾಸ್ಟಿಕ್ ಕವರಿದ್ದರೂ ಅಷ್ಟೇ. ಇನ್ನು ಶಾಲೆಯ ಹತ್ತಿರ ವಲಸೆ ಅಧಿಕಾರಿಗಳು ಸಾಮಾನ್ಯವಾಗಿ ಸುಳಿಯಬಾರದು ಅನ್ನುವ ನಿರ್ದೇಶನ ಬಹಳ ವರ್ಷಗಳಿಂದ ಇತ್ತು. ಅದನ್ನು 2025ರ ಜನವರಿಯಲ್ಲಿ ತೆಗೆದರು. ಟೆಕ್ಸಾಸಿನ ಗವರ್ನರ್ ಗ್ರೆಗ್ ಅಬಟ್ 2022ರಲ್ಲೇ ಪ್ಲೈಲರ್ ತೀರ್ಪನ್ನು ಮತ್ತೆ ಪ್ರಶ್ನಿಸುವ ಮಾತಾಡಿದ್ದರು. ತೀರ್ಪು ಇನ್ನೂ ನಿಂತಿದೆ, ಐದು–ನಾಲ್ಕರ ಮೇಲೆ.

ಇದನ್ನೆಲ್ಲ ಈ ಗುರುಭವನದಲ್ಲಿ ಯಾಕೆ ಹೇಳಿದೆ? ನಮ್ಮ ಸಂವಿಧಾನದ 14ನೇ ವಿಧಿಯಲ್ಲಿರುವ 'ಕಾನೂನುಗಳ ಸಮಾನ ರಕ್ಷಣೆ' ಅನ್ನುವ ಮಾತು ಅಮೆರಿಕದ ಆ 14ನೇ ತಿದ್ದುಪಡಿಯಿಂದಲೇ ಬಂದದ್ದು. ಸಂಖ್ಯೆ ಹೊಂದಿದ್ದು ಕಾಕತಾಳೀಯ. ನಮ್ಮಲ್ಲೂ ಅಲ್ಲಿ ಇರುವುದು 'ವ್ಯಕ್ತಿ', 'ನಾಗರಿಕ' ಅಲ್ಲ. 2002ರ ತಿದ್ದುಪಡಿಯಿಂದ ಬಂದ 21ಎ ವಿಧಿ ಹೇಳುವುದು 6ರಿಂದ 14 ವರ್ಷದ 'ಎಲ್ಲ ಮಕ್ಕಳು' ಅಂತ. ಬ್ರೆನನ್ ಹಗ್ಗದ ಮೇಲೆ ನಡೆದು ದಾಟಬೇಕಾದ ಜಾಗದಲ್ಲಿ ನಮಗೆ ಟಾರು ರಸ್ತೆಯೇ ಇದೆ. ದೆಹಲಿಯ ರೊಹಿಂಗ್ಯಾ ನಿರಾಶ್ರಿತರ ಮಕ್ಕಳ ವಿಷಯ 2025ರ ಫೆಬ್ರುವರಿಯಲ್ಲಿ ನಮ್ಮ ಸುಪ್ರೀಂ ಕೋರ್ಟಿಗೆ ಬಂದಾಗ, ಮೊದಲು ಸರ್ಕಾರಿ ಶಾಲೆಗೆ ಹೋಗಿ ಕೇಳಲಿ, ಸೇರಿಸಿಕೊಳ್ಳದಿದ್ದರೆ ಹೈಕೋರ್ಟಿಗೆ ಹೋಗಲಿ ಅಂದಿತು. ಅಂದರೆ ಅಲ್ಲೂ ವಿಷಯ ಮೊದಲು ಬಂದು ನಿಂತದ್ದು ಶಾಲೆಯ ಮೇಜಿನ ಮುಂದೆ.

ಮಾತು ಶುರುವಾಗುವ ಮೊದಲು, ಟೀ ಕುಡಿಯುವಾಗ, ಮೂರನೇ ಸಾಲಿನಲ್ಲಿ ಕೂತಿರುವ ಮೇಷ್ಟ್ರು ಒಂದು ವಿಷಯ ಹೇಳಿದರು. ಅವರ ಒಪ್ಪಿಗೆ ಕೇಳಿಯೇ ಹೇಳುತ್ತಿದ್ದೇನೆ. ಒಡಿಶಾದಿಂದ ಇಟ್ಟಿಗೆ ಗೂಡಿಗೆ ಬಂದವರ ಹುಡುಗಿ, ಒಂಬತ್ತು ವರ್ಷ ಇರಬಹುದು, ದೀಪಾವಳಿ ಆದಮೇಲೆ ಅವರ ಶಾಲೆಗೆ ಬಂದಿದ್ದಾಳೆ. ಟಿಸಿ ಇಲ್ಲ, ಜನನ ಪತ್ರ ಇಲ್ಲ. 'ಒಳಗೆ ಕೂರಿಸಿದ್ದೇನೆ ಮೇಡಂ, ಊಟವನ್ನೂ ಹಾಕುತ್ತೇವೆ. ಹಾಜರಿ ಪುಸ್ತಕಕ್ಕೆ ಮಾತ್ರ ಏರಿಸಿಲ್ಲ, ನಾಳೆ ಮೇಲಿನವರು ಕೇಳಿದರೆ ಏನು ತೋರಿಸಲಿ?' ಮೇಷ್ಟ್ರೇ, ಅವಳು ಹೊರದೇಶದಿಂದ ಬಂದವಳೂ ಅಲ್ಲ, ಈ ದೇಶದವಳೇ. ಕೇಳಿದರೆ 2009ರ ಶಿಕ್ಷಣ ಹಕ್ಕು ಕಾಯ್ದೆ ತೋರಿಸಿ. ವಯಸ್ಸಿನ ದಾಖಲೆ ಇಲ್ಲವೆಂದು ಯಾವ ಮಗುವಿಗೂ ಪ್ರವೇಶ ನಿರಾಕರಿಸುವಂತಿಲ್ಲ ಅಂತ 14ನೇ ಸೆಕ್ಷನ್ನಿನಲ್ಲಿದೆ. ಟಿಸಿ ತಡವಾಯಿತೆಂದು ಪ್ರವೇಶ ತಡಮಾಡುವಂತಿಲ್ಲ ಅಂತ 5ನೇ ಸೆಕ್ಷನ್ನಿನಲ್ಲಿದೆ. ವರ್ಷದ ನಡುವೆ ಬಂದರೂ ಸೇರಿಸಿಕೊಳ್ಳಬೇಕು, ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಬೇಕು. ನಾಳೆ ಬೆಳಿಗ್ಗೆ ಹಾಜರಿ ಕೂಗುವ ಮೊದಲೇ ಬರೆದುಬಿಡಿ. ಹೆಸರು ಹೇಗೆ ಹೇಳುವುದು ಅಂತ ಮಾತ್ರ ಅವಳನ್ನೇ ಕೇಳಿ ಬರೆಯಿರಿ. ಒಡಿಯಾ ಹೆಸರು ನಮ್ಮ ಬಾಯಲ್ಲಿ ಬೇಗ ತಿರುಚಿಕೊಳ್ಳುತ್ತದೆ.